ಎರಡು ಬಿಂದು, ಒಂದು ವಾಟ

(2, 3) ಮತ್ತು (6, 11) ಬಿಂದುಗಳ ಮೂಲಕ ಹಾದುಹೋಗುವ ಸರಳರೇಖೆಯ ಇಳಿಜಾರು ಕಂಡುಹಿಡಿಯಿರಿ. ಈ ರೇಖೆ ಯಾವ ಊರಿಂದ ಬಂತು, ಎಲ್ಲಿಗೆ ಹೊರಟಿತು ಎಂದು ಪಠ್ಯಪುಸ್ತಕದಲ್ಲಿ ಯಾರೂ ವಿಚಾರಿಸುವುದಿಲ್ಲ. 11ರಲ್ಲಿ 3 ಕಳೆ, 8. 6ರಲ್ಲಿ 2 ಕಳೆ, 4. ಭಾಗಿಸು, 2. ಮುಗಿಯಿತು. ಯಾವ ಬಿಂದುವನ್ನು ಮೊದಲು ಹಿಡಿದರೂ ಉತ್ತರ ಅದೇ. ಆದರೆ ಮೇಲೆ ಒಂದು ಕಡೆಯಿಂದ, ಕೆಳಗೆ ಇನ್ನೊಂದು ಕಡೆಯಿಂದ ಕಳೆದಿರೋ, ಏರುತ್ತಿದ್ದ ರೇಖೆ ಇಳಿಯತೊಡಗುತ್ತದೆ. ಅರ್ಧ ದಾರಿಯಲ್ಲಿ ಪಕ್ಷಾಂತರ ಮಾಡುವುದು ಗಣಿತದಲ್ಲಿ ನಡೆಯದು.

ಇದೇ ಲೆಕ್ಕವನ್ನು ಗಾರೆ ಮೇಸ್ತ್ರಿ ಸೂತ್ರದ ಹಂಗಿಲ್ಲದೆ ಮಾಡುತ್ತಾನೆ. ಬಚ್ಚಲುಮನೆಯ ನೆಲಕ್ಕೆ ವಾಟ ಕೊಡಬೇಕಲ್ಲ, ತೆಳು ಪೈಪಿಗೆ ನೀರು ತುಂಬಿಸಿ ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಎದುರು ಮೂಲೆಯಲ್ಲಿ ಹುಡುಗನ ಕೈಗೆ ಕೊಡುತ್ತಾನೆ. ನೀರು ಅಲುಗಾಡಿ ನಿಂತ ಮಟ್ಟಕ್ಕೆ ಎರಡೂ ಗೋಡೆಯ ಮೇಲೆ ಪೆನ್ಸಿಲ್ ಗೀಟು. ಗೀಟಿನಿಂದ ನೆಲಕ್ಕೆ ಟೇಪು ಇಳಿಬಿಟ್ಟು ಅಳೆದರೆ ಎತ್ತರದ ವ್ಯತ್ಯಾಸ ಕೈಗೆ ಸಿಕ್ಕಿತು. “ಎಂಟಡಿಗೆ ಒಂದಿಂಚು ಸಾಕು ಸಾರ್.” ಅಂದರೆ 1/96. ನಮ್ಮ ಮನೆಯಲ್ಲಿ ಲೆಕ್ಕವೇನೋ ಕರಾರುವಾಕ್ಕಾಗಿದೆ, ಚಿಹ್ನೆಯೊಂದೇ ತಪ್ಪಿದೆ. ಸ್ನಾನದ ನೀರು ನಡುಮನೆಗೆ ಬರುತ್ತದೆ.

ರೈಲ್ವೆಯವರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ 1, ಕ್ಯಾಸಲ್‌ರಾಕ್‌ನಿಂದ ಗೋವೆಗೆ ಇಳಿಯುವಲ್ಲಿ 37ಕ್ಕೆ 1. ಸಂಖ್ಯೆ ಚಿಕ್ಕದಾದಷ್ಟೂ ಏರು ಕಡಿದು. ಅಷ್ಟಕ್ಕೇ ಗಾಡಿಯ ಹಿಂದೆ ಇನ್ನೊಂದು ಎಂಜಿನ್ ಕಟ್ಟಿ ತಳ್ಳಬೇಕು. ಜೋಗದಲ್ಲಿ ಸುಮಾರು 253 ಮೀಟರ್ ನೆಟ್ಟಗೆ ಬೀಳುವ ರಾಜಾ ಜಲಪಾತವನ್ನು ಮಾತ್ರ ಲೆಕ್ಕಕ್ಕೆ ಎಳೆಯಬೇಡಿ. ಅಡ್ಡ ದೂರ ಸೊನ್ನೆ ಎಂದಿಟ್ಟುಕೊಂಡರೆ ಭಾಗಿಸಲು ಏನೂ ಇಲ್ಲ, ಸೂತ್ರ ಕೈಯೆತ್ತಿಬಿಡುತ್ತದೆ.

ನನಗೆ ಸೂತ್ರದ ಮೇಲಿರುವ ತಕರಾರು ಬೇರೆ. ಅದು ಎರಡು ತುದಿಗಳನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಆಗುಂಬೆ ಒಂದು ಬಿಂದು, ಕೆಳಗಿನ ಸೋಮೇಶ್ವರ ಇನ್ನೊಂದು. ಸೇರಿಸಿದ ಗೆರೆ ಕಾಡಿನ ಮೇಲೆ ಗಾಳಿಯಲ್ಲೇ ಹೋಗುತ್ತದೆ. ರಸ್ತೆಗೆ 14 ಹೇರ್‌ಪಿನ್ ತಿರುವು. ಉದ್ದದ ಬಸ್ಸು ತಿರುಗದೆಂದು ಅಲ್ಲಿ ಮಿನಿ ಬಸ್ಸುಗಳದೇ ಕಾರುಬಾರು. ಉತ್ತರ ಒಂದೇ ಸಂಖ್ಯೆ ಎಂದು ಕಿಟಕಿ ಪಕ್ಕದಲ್ಲಿ ನಿಂಬೆಹಣ್ಣು ಮೂಸುತ್ತ ಕೂತ ಅಜ್ಜಿಗೆ ಹೇಳಿನೋಡಿ. ಏಳನೇ ತಿರುವು ದಾಟಲಿ, ಆಮೇಲೆ ಮಾತಾಡು ಎನ್ನುತ್ತಾರೆ.