ತಣಿಸಂದ್ರ ಮುಖ್ಯರಸ್ತೆಯ ಪರಿಪ್ರೇಕ್ಷ್ಯದಲ್ಲಿ ಮಧುರ ಮೃತ್ಯುಲೋಹ: ಒಂದು ತಾತ್ತ್ವಿಕ ಮುಖಾಮುಖಿ

ಮೆಲೋಡಿಕ್ ಡೆತ್ ಮೆಟಲ್ (ಇನ್ನು ಮುಂದೆ ‘ಮಧುರ ಮೃತ್ಯುಲೋಹ’) ಎಂಬ ಶ್ರವ್ಯಪಠ್ಯವನ್ನು ಸ್ಥಳೀಯ ಸಂಕಥನದ ನೆಲೆಯಲ್ಲಿಟ್ಟು, ಅದರ ಹೊಸ ಆಲ್ಬಂಗಳು ಯಾಕೆ ಖುಷಿ ಕೊಡುತ್ತವೆ ಎಂಬ ಸರಳ ಪ್ರಶ್ನೆಯನ್ನು ಕೈಲಾದಷ್ಟು ಜಟಿಲಗೊಳಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ.

ಪ್ರೇರಣೆ, ಒಂದು ರಾಷ್ಟ್ರೀಯ ವಿಚಾರ ಸಂಕಿರಣ. ಯಾವ ಕಾಲೇಜು ಎಂದು ಹೇಳಲಾರೆ, ಉಪ್ಪಿಟ್ಟು ಚೆನ್ನಾಗಿತ್ತು. ಶಾಲು ಹೊದ್ದ ವಿದ್ವಾಂಸರೊಬ್ಬರು ಜಾಗತೀಕರಣ ಮತ್ತು ಅಬ್ಬರದ ಸಂಗೀತದ ಬಗ್ಗೆ ಮಾತಾಡಲು ಎದ್ದು, “ಈ ಸಂಗೀತವನ್ನು ನಾನು ಕೇಳಿಲ್ಲ, ಆದರೆ...” ಎಂದು ಶುರು ಮಾಡಿದರು. ಆ ‘ಆದರೆ’ ನಲವತ್ತು ನಿಮಿಷ ನಡೆಯಿತು. ಅವರಷ್ಟು ಶುದ್ಧವಾದ ಸಂಶೋಧನಾ ವಿಧಾನ ನನ್ನದಲ್ಲ. ನಾನು ಕೇಳಿದ್ದೇನೆ. ಇದನ್ನು ಪ್ರಬಂಧದ ಮಿತಿಯೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕ್ಷೇತ್ರ ಪರಿಚಯ. ತಣಿಸಂದ್ರದ ‘ಸಂದ್ರ’ ಸಮುದ್ರದ ತದ್ಭವ. ಹಳಬರು ಕೆರೆಯನ್ನೇ ಸಮುದ್ರ ಅಂದರು. ಈಗ ಆ ಸಮುದ್ರ ಬೆಳಗಿನ ಜಾವ ಐದಕ್ಕೆ ಟ್ಯಾಂಕರಿನಲ್ಲಿ, ರಿವರ್ಸ್ ಹಾರ್ನಿನ ಸಮೇತ ಬರುತ್ತದೆ. ಹೆಗಡೆ ನಗರದಿಂದ ನಾಗವಾರ ಸಿಗ್ನಲ್‌ವರೆಗಿನ ಮುಖ್ಯರಸ್ತೆಯೇ ನಮ್ಮ ಶ್ರವಣಮಂದಿರ. ಸಂಶೋಧನೆಗೊಂದು ಮಾನ ಬೇಕಲ್ಲ, ಅದೂ ಸಿಕ್ಕಿದೆ. ಅಟ್ ದಿ ಗೇಟ್ಸ್ ತಂಡದ ‘ಸ್ಲಾಟರ್ ಆಫ್ ದಿ ಸೋಲ್’ (1995) 11 ಹಾಡಿನ, ಸುಮಾರು 34 ನಿಮಿಷದ ಆಲ್ಬಂ. ಬೆಳಿಗ್ಗೆ ಒಂಬತ್ತಕ್ಕೆ ಹೆಗಡೆ ನಗರದಲ್ಲಿ ಕಾರಿನೊಳಗೆ ಹಾಕಿದರೆ ನಾಗವಾರದಲ್ಲಿ ಮುಗಿಯುತ್ತದೆ. ಈ ಕಾಲಪರಿಮಾಣಕ್ಕೆ ‘ಒಂದು ತಣಿಸಂದ್ರ’ ಎಂದು ಹೆಸರಿಡಲಾಗಿದೆ. ಮಳೆ ಬಂದ ದಿನ ಒಂದು ತಣಿಸಂದ್ರದಲ್ಲಿ ಎರಡು ಆಲ್ಬಂ ಹಿಡಿಸುತ್ತದೆ. ಇದು ಐನ್‌ಸ್ಟೈನರಿಗೆ ಸೇರಿದ ವಿಷಯವಾದ್ದರಿಂದ ಇಲ್ಲಿ ಚರ್ಚಿಸಿಲ್ಲ.

ಚಾರಿತ್ರಿಕ ಹಿನ್ನೆಲೆ. ಹಿಂದೂಸ್ತಾನಿಗೆ ಧಾರವಾಡ ಹೇಗೋ ಮಧುರ ಮೃತ್ಯುಲೋಹಕ್ಕೆ ಸ್ವೀಡನ್ನಿನ ಗೋಥೆನ್‌ಬರ್ಗ್ ಹಾಗೆ. ಮಳೆಯೂರು, ಕಲ್ಲೆಸೆದರೆ ಯಾವನೋ ಗಿಟಾರಿನವನ ಮನೆಗೇ ಬೀಳುತ್ತದೆ. ಡಾರ್ಕ್ ಟ್ರ್ಯಾಂಕ್ವಿಲಿಟಿಯ ‘ದಿ ಗ್ಯಾಲರಿ’ (1995), ಇನ್ ಫ್ಲೇಮ್ಸ್‌ನ ‘ದಿ ಜೆಸ್ಟರ್ ರೇಸ್’ (1996) ಅಲ್ಲಿಯವು. ಈ ಎರಡು ಮನೆತನಗಳ ನಡುವೆ ಕೊಟ್ಟು ತಂದ ಸಂಬಂಧವೂ ಇದೆ: ಆ ತಂಡದ ಮೊದಲ ಆಲ್ಬಂನಲ್ಲಿ ಹಾಡಿದವನು ಈ ತಂಡದ ಖಾಯಂ ಗಾಯಕನಾದ, ಈ ತಂಡದ ಮೊದಲ ಆಲ್ಬಂನಲ್ಲಿ ಹಾಡಿದವನು ಆ ತಂಡದ ಖಾಯಂ ಗಾಯಕನಾದ.

ಲಕ್ಷಣ ನಿರೂಪಣೆ. ಲೋಕದ ಹಾಡುಗಳಲ್ಲಿ ಗಂಟಲಿಗೆ ರಾಗ, ವಾದ್ಯಕ್ಕೆ ತಾಳ. ಇಲ್ಲಿ ಅದಲುಬದಲು. ಗಾಯಕನ ಗುಡುಗಿಗೆ ಶ್ರುತಿಯ ಹಂಗಿಲ್ಲ, ಅದೂ ಒಂದು ತಾಳವಾದ್ಯ. ಹಾಡುವವು ಎರಡು ಗಿಟಾರು, ಅಕ್ಕತಂಗಿಯರ ಹಾಗೆ ಎರಡು ಸ್ವರ ಮೇಲೆ ಕೆಳಗೆ ನಿಂತು ಜೊತೆಗೇ ನಡೆಯುತ್ತವೆ. ಈ ಜೋಡಿನಡಿಗೆ ಬಹುಪಾಲು ಐರನ್ ಮೇಡನ್‌ನಿಂದ ಕಲಿತದ್ದು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಬೆಂಗಳೂರು ಅದನ್ನು ಕಣ್ಣಾರೆ ಕಂಡಿದೆ. ಸ್ವರಗಳು ಹೆಚ್ಚಾಗಿ ನಠಭೈರವಿಯವು, ಅಲ್ಲಲ್ಲಿ ಕೀರವಾಣಿಯವು. ಕೀರವಾಣಿ ಅಂದರೆ ಗಿಣಿಮಾತು. ಗಿಣಿ ಹಾಡುತ್ತಿದೆ, ಪಕ್ಕದಲ್ಲಿ ಕೂತು ಕರಡಿ ತಾಳ ಹಾಕುತ್ತಿದೆ.

ರಸವಿಚಾರ. ರೌದ್ರಕ್ಕೆ ಸ್ಥಾಯಿ ಕ್ರೋಧ, ಬೀಭತ್ಸಕ್ಕೆ ಜುಗುಪ್ಸೆ. ಇಷ್ಟಕ್ಕೇ ನಿಲ್ಲಿಸಿದರೆ ಬರೀ ಡೆತ್ ಮೆಟಲ್ ಆಯಿತು. ರೌದ್ರದಿಂದ ಕರುಣ ಹುಟ್ಟುತ್ತದೆ ಎಂದು ಭರತ ನಾಟ್ಯಶಾಸ್ತ್ರದಲ್ಲಿ ಹೇಳಿರುವುದರಿಂದ, ಮೆಲೋಡಿಕ್ ಡೆತ್ ಮೆಟಲ್ಲಿನ ಆದ್ಯ ಪ್ರವರ್ತಕ ಭರತಮುನಿಯೇ ಎಂದು ಇಲ್ಲಿ ಪ್ರತಿಪಾದಿಸಲಾಗುವುದು. ಇದಕ್ಕೆ ನಾಲ್ಕು ಪುಟದ ಟಿಪ್ಪಣಿ ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಟ್ಯಾಂಕರ್ ಬಂತಾ ಎಂದು ಕೇಳಲು ಮೇಲೆ ಬಂದರು. ಒಳಗೆ ಫಿನ್ಲೆಂಡಿನ ಇನ್ಸೋಮ್ನಿಯಂ ತಂಡದ ‘ಆನ್ನೋ 1696’ (2023) ನಡೆಯುತ್ತಿತ್ತು. ಊರಿಗೆ ಊರೇ ಹಸಿವಿನಿಂದ ಸಾಯುತ್ತಿದ್ದ ಕಾಲ, ಮಾಟಗಾತಿಯರ ಬೇಟೆ. ತಂಡದ ಗಾಯಕನೇ ಬರೆದ ಕಥೆ ಅದಕ್ಕೆ ಆಧಾರ. ಇದೊಂದೂ ಅಜ್ಜಿಗೆ ಗೊತ್ತಿಲ್ಲ.

“ಯಾರಪ್ಪಾ ಅದು, ಬೆಳಬೆಳಿಗ್ಗೆ ಬೈತಾ ಇರೋದು?”

“ಹಾಡು ಅಜ್ಜಿ.”

ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತರು. “ಅವನು ಬೈತಾನೆ, ಸರಿ. ಹಿಂದ್ಗಡೆ ಯಾರೋ ಅಳ್ತಾ ಇದಾರಲ್ಲ, ಅದ್ಯಾರು?”

“ಗಿಟಾರು.”

“ಪಾಪ” ಅಂದು ಮೆಟ್ಟಿಲಿಳಿದರು. ನಾಲ್ಕು ಪುಟದ ಟಿಪ್ಪಣಿಯನ್ನು ಈ ಪ್ರಬಂಧದಿಂದ ಕೈಬಿಡಲಾಗಿದೆ.

ಶ್ರೋತೃ ವರ್ಗೀಕರಣ. ಶ್ರೋತೃಗಳು ಹನ್ನೆರಡು ವಿಧ. ಒಂದನೆಯವರು ‘ಆದ್ಯಾಭಿಮಾನಿಗಳು’: ತಂಡದ ಮೊದಲ ಡೆಮೊ ಕ್ಯಾಸೆಟ್ ಬಿಟ್ಟು ಮಿಕ್ಕಿದ್ದೆಲ್ಲ ವ್ಯಾಪಾರ ಎನ್ನುವವರು. ಹೊಸ ಆಲ್ಬಂ ಬಂದರೆ ಇವರಿಗೆ ಸೂತಕ. ಎರಡನೆಯವರು ‘ಶಾಖಾವಾದಿಗಳು’: ಹಾಡು ಮುಗಿಯುವ ಮೊದಲೇ ಇದು ಮೆಲೋಡಿಕ್ ಡೆತ್ತೋ, ಡೆತ್ ಡೂಮೋ ಎಂದು ಗೋತ್ರ ವಿಚಾರಿಸುವವರು. ಮೂರನೆಯವರು... ಬಿಡಿ, ನನಗೇ ಬೇಜಾರಾಯಿತು.

ಭಾಷಾವೈಜ್ಞಾನಿಕ ಅನುಬಂಧ. ಬೆಂಗಳೂರಿನ ‘ದ್ವೇಷ’ ತಂಡ ಕನ್ನಡದಲ್ಲೇ ಡೆತ್ ಮೆಟಲ್ ಹಾಡಿದೆ. 2014ರಲ್ಲಿ ‘ಸ್ತೂಪ’ ಎಂಬ ಆಲ್ಬಂ ತಂದಿತು. ಶಾಖಾವಾದಿಗಳ ಕಣ್ಣಿಗೆ ಅದು ಹಳೇ ಶೈಲಿಯ ಡೆತ್ ಮೆಟಲ್, ಪೂರಾ ಮಧುರವಲ್ಲ. ಇರಲಿ. ಆಡುಮಾತಿನಲ್ಲಿ ಮಹಾಪ್ರಾಣ ಇಲ್ಲ, ಬರಹದಲ್ಲೂ ತೆಗೆದುಬಿಡಿ ಎಂಬುದು ಡಿ.ಎನ್. ಶಂಕರ ಭಟ್ಟರ ವಾದ. ಡೆತ್ ಮೆಟಲ್ ಗಾಯಕನ ಬಾಯಲ್ಲಿ ಅಲ್ಪಪ್ರಾಣವೂ ಮಹಾಪ್ರಾಣವೇ; ಆ ಅಕ್ಷರಗಳಿಗೆ ಕೊನೆಗೂ ಒಂದು ಕೆಲಸ ಸಿಕ್ಕಿದೆ. ಷಕಾರಕ್ಕೂ ಜಾಗವಿಲ್ಲದ ಭಟ್ಟರ ಹೊಸಬರಹದಲ್ಲಿ ತಂಡದ ಹೆಸರು ‘ದ್ವೇಶ’ ಆಗುತ್ತದೆ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಅದೇ ಆಲ್ಬಂನಲ್ಲಿ ‘ಹೊಯ್! ಸಳ’ ಎಂಬ ಹಾಡೂ ಇದೆ. ಕಿರುಚಾಟ ನಮ್ಮ ಸಂಸ್ಕೃತಿಯಲ್ಲ ಎಂದರಲ್ಲ ಶಾಲಿನ ವಿದ್ವಾಂಸರು? ಹುಲಿ ಎದುರಿಗೆ ನಿಂತಾಗ ಗುರು ಹಾಕಿದ ಒಂದು ಕೂಗಿನಿಂದ ರಾಜವಂಶವೇ ಹೆಸರು ಪಡೆದ ಕಥೆ ನಮ್ಮದು, ಸ್ವಾಮಿ!

ಪರಿಭಾಷೆ. ‘ಲೈವ್ ಬ್ಯಾಂಡ್’: ಬೆಂಗಳೂರಿನಲ್ಲಿ ಬಹಳ ಕಾಲ ಈ ಮಾತಿಗೆ ಬಾರಿನಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ಜಾಗ ಎಂದೇ ಅರ್ಥ. 2005ರ ಸಾರ್ವಜನಿಕ ಮನರಂಜನೆ ಪರವಾನಗಿ ಆದೇಶ ಕ್ಯಾಬರೆ, ಡಿಸ್ಕೊಥೆಕ್, ಲೈವ್ ಬ್ಯಾಂಡ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ ಎಷ್ಟೋ ಪಬ್‌ಗಳು ಗಿಟಾರಿನವರನ್ನು ಮನೆಗೆ ಕಳಿಸಿದವು. ಡ್ರಮ್ಸ್ ಬಾರಿಸುವ ನನ್ನ ಗೆಳೆಯನೊಬ್ಬ ಪರವಾನಗಿಗೆಂದು ಒಂದು ಕಚೇರಿಗೆ ಹೋದಾಗ ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆ, “ಹುಡ್ಗೀರು ಎಷ್ಟು ಜನ?” ನಾಲ್ಕೇ ಜನ ಸಾರ್, ಎಲ್ಲರೂ ಗಂಡಸರು, ಒಬ್ಬನಿಗೆ ಬೊಕ್ಕತಲೆ ಎಂದನಂತೆ. ನಗಬೇಡಿ. ವರ್ಷಗಟ್ಟಲೆ ಸಂಬಳದಲ್ಲಿ ಉಳಿಸಿ ಜಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ಒಂದೇ ರಿಫ್ಫನ್ನು ಕೈ ಊದುವವರೆಗೆ ನುಡಿಸಿ ಕಲಿತ ಹುಡುಗರು ಅವರು. ಸಂಕಿರಣದವರು ಕೇಳದೆಯೇ ತೀರ್ಪು ಕೊಟ್ಟರು, ಕಚೇರಿಯವರು ಕೇಳಬಾರದ್ದನ್ನು ಕೇಳಿ ಕೊಟ್ಟರು. 2012ರಲ್ಲಿ ಶುರುವಾದ ಬೆಂಗಳೂರು ಓಪನ್ ಏರ್ ಯಲಹಂಕದ ಕಡೆಯೂ ನಡೆದಾಗ ಹುಡುಗರು ಕಪ್ಪು ಅಂಗಿ ತೊಟ್ಟು ಬಂದು ಸೇರಿದರು. ನನ್ನ ಗೆಳೆಯ ಡ್ರಮ್ಸ್ ಮಾರಿಬಿಟ್ಟ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆ. ಮೀಟಿಂಗಿನಲ್ಲಿ ಅವನ ಬೆರಳು ಮೇಜಿನ ಮೇಲೆ ಸುಮ್ಮನಿರುವುದಿಲ್ಲ.

ಎಲ್ಲಿದ್ದೆ? ಹೊಸ ಆಲ್ಬಂಗಳ ಸುಖಮೀಮಾಂಸೆ. ಡಾರ್ಕ್ ಟ್ರ್ಯಾಂಕ್ವಿಲಿಟಿಯ ‘ಎಂಡ್‌ಟೈಮ್ ಸಿಗ್ನಲ್ಸ್’ (2024) ಕೇಳಿ. ಐವತ್ತರ ಆಸುಪಾಸಿನ ಮೀಕಾಯೆಲ್ ಸ್ಟಾನ್ನೆ ಗುಡುಗುತ್ತಾ ಗುಡುಗುತ್ತಾ ಇದ್ದಕ್ಕಿದ್ದಂತೆ ತನ್ನ ನಿಜವಾದ ದನಿಯಲ್ಲಿ ಹಾಡತೊಡಗುತ್ತಾನೆ. ಮನೆಯಲ್ಲಿ ಗದರುವ ಅಪ್ಪ ರಾತ್ರಿ ಬಂದು ಹೊದಿಕೆ ಸರಿಮಾಡಿದ ಹಾಗೆ. ಇದಕ್ಕೊಂದು ಪಾರಿಭಾಷಿಕ ಪದ ಟಂಕಿಸಬೇಕೆಂದಿದ್ದೆ, ಮನಸ್ಸಾಗಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಅಟ್ ದಿ ಗೇಟ್ಸ್‌ನ ಗಾಯಕ ಟೋಮಸ್ ಲಿಂಡ್‌ಬರ್ಗ್ ಕ್ಯಾನ್ಸರಿನಿಂದ ತೀರಿಕೊಂಡ. ಐವತ್ತೆರಡು ವಯಸ್ಸು. ಮಾರನೆಯ ದಿನ ಹೆಗಡೆ ನಗರದಲ್ಲಿ ಕಾರು ಹತ್ತಿ ‘ಸ್ಲಾಟರ್ ಆಫ್ ದಿ ಸೋಲ್’ ಹಾಕಿದೆ. ಏನು ಮಾಯೆಯೋ, ಅವತ್ತೇ ರಸ್ತೆ ಖಾಲಿ. ಏಳನೆಯ ಹಾಡಿಗೆ ನಾಗವಾರ ಬಂದೇಬಿಟ್ಟಿತು. ಸಿಗ್ನಲ್ಲಿಗೆ ಮುಂಚೆ ಎಡಕ್ಕೆ ಹಾಕಿ ನಿಲ್ಲಿಸಿದೆ. ಆಟೋದವನೊಬ್ಬ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ, “ಏನ್ ಸಾರ್, ಗಾಡಿ ಕೆಟ್ಟೋಯ್ತಾ?” ಅಂದ.

“ಇಲ್ಲ” ಅಂದೆ. “ಇನ್ನೂ ನಾಲ್ಕು ಹಾಡಿದೆ.”