ಮ್ಯಾಗ್ನೆಟ್ ಮಾವ

ಹಳೇ ಕಾರು ಕೊಳ್ಳಲು ಹೊರಟವರ ಬಳಗದಲ್ಲಿ ಇಂಥ ಮಾವ ಒಬ್ಬರು ಇದ್ದೇ ಇರುತ್ತಾರೆ. ಸ್ವಂತ ಓಡಾಟಕ್ಕೆ ಸ್ಕೂಟರು, ವಿದ್ಯೆಯೆಲ್ಲ ಕಾರಿನದು. ಮೈಸೂರಿನ ನಮ್ಮ ಮಾವ ಫ್ರಿಜ್ಜಿನಿಂದ ಕಿತ್ತ ಮ್ಯಾಗ್ನೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬರುತ್ತಾರೆ.

"ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಒಂದು ರೂಪಾಯಿ ಕೆಲಸ ಇಲ್ಲ" ಎಂದು ಬ್ರೋಕರ್ ಮುಗಿಸುವಷ್ಟರಲ್ಲಿ ಮಾವ ಬಾಗಿಲಿಗೆ ಮ್ಯಾಗ್ನೆಟ್ ಹಿಡಿದಾಗಿರುತ್ತದೆ. ಅದು ಅಂಟದೆ ಜಾರಿತೋ, ಅವರ ಮುಖ ಅರಳುತ್ತದೆ. "ತಗಡಿಗಿಂತ ಪುಟ್ಟೀನೇ ಜಾಸ್ತಿ!"

ಆಮೇಲೆ ಗಾಜುಗಳ ಮೂಲೆಯ ಗುರುತು. ಒಂದರ ವರ್ಷ ಬೇರೆ ಇದ್ದರೆ, "ಡಾಕ್ಟರು ಎಲ್ಲಿ ಗುದ್ದಿದ್ರು?" 2021ರ ಗಾಡಿಯ ಟೈರಿನ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. "ಗಾಡಿ ಹುಟ್ಟೋಕೆ ಮುಂಚೆ ಚಪ್ಪಲಿ ಹೊಲಿಸಿದ್ರಾ?" ಸೀಟ್ ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಗೆರೆ ಹುಡುಕುತ್ತಾರೆ. ಮಳೆನೀರಲ್ಲಿ ಮುಳುಗಿದ ಗಾಡಿಯ ಸೀಟು ತೊಳೆದವರಿಗೆ ಬೆಲ್ಟಿನ ಬಾಲ ಮರೆತುಹೋಗುತ್ತದೆ ಅನ್ನುವುದು ಅವರ ವಾದ. ತಮಾಷೆ ಏನೆಂದರೆ, ಇದರಲ್ಲಿ ಯಾವುದೂ ಸುಳ್ಳಲ್ಲ.

ಮೀಟರಿನಲ್ಲಿ 42 ಸಾವಿರ ಕಿಲೋಮೀಟರ್ ಕಂಡರೆ ಅವರು ಬಗ್ಗಿ ಬ್ರೇಕ್ ಪೆಡಲಿನ ರಬ್ಬರ್ ಸವರುತ್ತಾರೆ. ಅದು ಸವೆದು ನುಣ್ಣಗಾಗಿದ್ದರೆ, ಓನರಿಂದಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿಸುತ್ತಾರೆ. 2023ರ ಸರ್ವಿಸ್‌ನಲ್ಲೇ 68 ಸಾವಿರ ಬರೆದಿದೆ ಎಂದು ಆ ಕಡೆಯಿಂದ ಉತ್ತರ. "ನೋಡಿ, ಗಾಡಿ 26 ಸಾವಿರ ಉಳಿತಾಯ ಮಾಡಿದೆ!"

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದ್ದಕ್ಕೆ ಫಾರಂ 35 ಎಲ್ಲಿ ಅನ್ನುತ್ತಾರೆ. ಅದೇನೂ ದೊಡ್ಡದಲ್ಲ. ಅವರ ಬ್ರಹ್ಮಾಸ್ತ್ರ ಇರುವುದು ಬಿಎಸ್6 ಡೀಸೆಲ್ ಗಾಡಿಗೆ. ಮನೆಗೂ ಕ್ಲಿನಿಕ್ಕಿಗೂ ಎರಡೇ ಕಿಲೋಮೀಟರ್ ಓಡಾಡಿದರೆ ಹೊಗೆಕೊಳವೆಯ ಡಿಪಿಎಫ್ ಫಿಲ್ಟರ್ ಕಾಯುವುದಿಲ್ಲ, ಮಸಿ ಸುಟ್ಟುಹೋಗುವುದಿಲ್ಲ, ಕಟ್ಟಿಕೊಳ್ಳುತ್ತದೆ. "ಅದಕ್ಕೇ ಡಾಕ್ಟರ್ ಗಾಡಿ ಬೇಡ ಅನ್ನೋದು."

ಮಾವ ನೋಡಿದ ಮೇಲೆ ನಮ್ಮಲ್ಲಿ ಯಾರೂ ಕಾರು ಕೊಂಡಿಲ್ಲ. ಬ್ರೋಕರಿಗೆ ಅವರ ಸ್ಕೂಟರಿನ ಸದ್ದು ಕೇಳಿದರೇ ಸಂಕಟವಾಗುತ್ತಿತ್ತು. ಆದರೆ ವ್ಯಾಪಾರಸ್ಥ ಅಲ್ಲವೇ, ಉಪಾಯ ಹುಡುಕಿದ. ಈಗ ತಾನು ಗಾಡಿ ಕೊಳ್ಳಲು ಹೋಗುವಾಗ ಮಾವನನ್ನೇ ಕರೆದೊಯ್ಯುತ್ತಾನೆ. ಮಾವ ಒಂದೊಂದು ದೋಷ ಎತ್ತಿದಂತೆ ರೇಟು ಇಳಿಯುತ್ತದೆ. ಮಾವನಿಗೆ ವಾಪಸ್ ಬರುವಾಗ ಮಸಾಲೆ ದೋಸೆ.

ಮೊನ್ನೆ ತಂಗಿಯ ಗಂಡ ಒಂದು ಗಾಡಿ ಮೆಚ್ಚಿ ಮಾವನನ್ನು ಕರೆದ. ಬ್ರೋಕರ್ ಅವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಸಾರ್, ಇದು ಹೋದ ವಾರ ನಾವಿಬ್ಬರೂ ಹೋಗಿ ತಂದಿದ್ದಲ್ವಾ?"

ಮಾವ ಕರವಸ್ತ್ರ ಬಿಚ್ಚಿದರು. "ಹೌದು. ಅವತ್ತು ದೋಸೆಗೆ ಹೊತ್ತಾಯ್ತು ಅಂತ ಎಡಗಡೆ ಬಾಗಿಲು ನೋಡಿರಲಿಲ್ಲ. ತಡೀರಿ."