ಎಡಗಾಲಿನ ಗರಡಿಮನೆ
ಪೋರ್ಷೆ 911 ಕರೆರಾ ಕಾರಿನ ಕ್ಲಚ್ಚು 1986ರ ಮಾದರಿಯವರೆಗೆ ಕೇಬಲ್ಲಿನಿಂದ ನಡೆಯುತ್ತಿತ್ತು. 1987ರಲ್ಲಿ ಜಿ50 ಗೇರ್‌ಬಾಕ್ಸಿನ ಜೊತೆ ಹೈಡ್ರಾಲಿಕ್ ವ್ಯವಸ್ಥೆ ಬಂತು. ಕೇಬಲ್ ಕಾರಿನ ಪೆಡಲ್ ಬಿಗಿಯಾದರೆ ಮಾಲೀಕನ ಎಡಗಾಲು ಪೈಲ್ವಾನನದಾಗುತ್ತದೆ, ಬಲಗಾಲು ಗುಮಾಸ್ತನದಾಗಿಯೇ ಉಳಿಯುತ್ತದೆ.

ರಿಪೇರಿ ಅಗ್ಗದ ಕಡೆಯಿಂದ ಶುರುವಾಗಬೇಕು. ಮೊದಲು ಪೆಡಲಿನ ಬುಷ್‌ಗಳು, ಸವೆದಿದ್ದರೆ ಬದಲಿಸಬೇಕು. ಆಮೇಲೆ ಕೇಬಲ್, ಒಳಗೆ ಎಳೆ ಬಿಚ್ಚಿಕೊಂಡಿದ್ದರೆ ಗ್ರೀಸಿನ ಉಪಚಾರ ಫಲಿಸದು, ಹೊಸದನ್ನೇ ಹಾಕಬೇಕು. ಮೂರನೆಯದು ರಿಲೀಸ್ ಫೋರ್ಕಿನ ಶಾಫ್ಟು. ಗ್ರೀಸ್ ಕಾಣದೆ ಒಣಗಿದರೆ ಅದು ಮುಷ್ಕರ ಹೂಡುತ್ತದೆ.

ಇವೆಲ್ಲ ನಿರಪರಾಧಿಗಳಾದರೆ ಉಳಿದ ಆರೋಪಿ ಪ್ರೆಶರ್ ಪ್ಲೇಟು. ಡಿಸ್ಕ್ ಸವೆದಂತೆ ಅದರ ಡಯಾಫ್ರಮ್ ಸ್ಪ್ರಿಂಗಿನ ಕೋನ ಬದಲಾಗಿ ಪೆಡಲ್ ಭಾರವಾಗುತ್ತದೆ. ಅದನ್ನು ಹಿಡಿಯಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಹೊಸ ಪ್ಲೇಟು ಕೂತ ಮೇಲೆ ಪೆಡಲೂ ಹಗುರ, ಜೇಬೂ ಹಗುರ.